ಬರ್ನೋದ ರೋಮಾ ಸಂಸ್ಕೃತಿ ಮ್ಯೂಸಿಯಂ ರಿವ್ಯೂ: "ಆ ಕಡೆ ಹೋಗ್ಬೇಡಿ" ಅನ್ನೋ ಬೀದಿಲೇ ಇದೆ, ತಪ್ಪದೆ ಹೋಗಿ

ಮೊದಲೇ ಹೇಳ್ಬಿಡ್ತೀನಿ, ಐದಕ್ಕೆ ಐದು ಸ್ಟಾರ್. ಚೆಕ್ ದೇಶಕ್ಕೆ ಬರೋ ನಮ್ಮ ಜನ ಪ್ರಾಗ್‌ನಲ್ಲಿ ಕೋಟೆ, ಚಾರ್ಲ್ಸ್ ಸೇತುವೆ, ಆ ಹಳೇ ಗಡಿಯಾರ ನೋಡ್ಕೊಂಡು ಸೀದಾ ವಿಯೆನ್ನಾ ಟ್ರೈನ್ ಹತ್ತಿಬಿಡ್ತಾರೆ. ಅದೇ ದಾರಿಲಿ ಬರ್ನೋ ಸಿಗತ್ತೆ, ಪ್ರಾಗ್‌ನಿಂದ ಎರಡೂವರೆ ಗಂಟೆ, ಅಲ್ಲಿಂದ ವಿಯೆನ್ನಾಗೆ ಒಂದೂವರೆ ಗಂಟೆ. ಇಳ್ಕೊಳ್ಳಿ, ಅರ್ಧ ದಿನ ಇಟ್ಕೊಳ್ಳಿ, ಈ ಮ್ಯೂಸಿಯಂ ನೋಡಿ. ಮ್ಯಾಪ್‌ನಲ್ಲಿ ಹುಡುಕೋರಿಗೆ, ಚೆಕ್ ಹೆಸರು ಮುಜೆಯುಮ್ ರೋಮ್ಸ್ಕೆ ಕುಲ್ಟುರಿ, ಬ್ರಾಟಿಸ್ಲಾವ್ಸ್ಕಾ ಬೀದಿ, ನಂಬರ್ 67.

ರೋಮಾ ಅಂದ್ರೆ ಯಾರು ಅನ್ನೋರಿಗೆ, ನಾವು ಸಿನಿಮಾ ನೋಡಿ ಜಿಪ್ಸಿ ಜಿಪ್ಸಿ ಅಂತೀವಲ್ಲ ಅವರೇ, ಆದ್ರೆ ಆ ಹೆಸರನ್ನ ಅವರಲ್ಲಿ ಬಹಳ ಜನ ಬೈಗುಳ ಅಂತಾನೇ ತಗೋತಾರೆ, ಹಂಗಾಗಿ ರೋಮಾ ಅಂತಲೇ ಬರೀತೀನಿ. ಯುರೋಪಲ್ಲಿ 1 ಕೋಟಿಯಿಂದ 1.2 ಕೋಟಿ ಜನ ಇದ್ದಾರೆ ಅಂತ ಅಂದಾಜು, ಅಂದ್ರೆ ಅಲ್ಲಿನ ಅತಿ ದೊಡ್ಡ ಅಲ್ಪಸಂಖ್ಯಾತ ಜನಾಂಗ. ಚೆಕ್ ದೇಶದಲ್ಲಿ ಹತ್ತಿರ ಹತ್ತಿರ ಎರಡೂವರೆ ಲಕ್ಷ.

ಈಗ ಜಾಗದ ವಿಷಯ, ಯಾಕಂದ್ರೆ ಇದಕ್ಕೇ ಬಹಳ ಜನ ಹಿಂದೇಟು ಹಾಕ್ತಾರೆ. ಮ್ಯೂಸಿಯಂ ಇರೋದು ತ್ಸೇಲ್ ಅನ್ನೋ ಏರಿಯಾದಲ್ಲಿ, ಮುಖ್ಯ ರೈಲ್ವೆ ಸ್ಟೇಷನ್‌ನಿಂದ ಟ್ರಾಮ್ ಇದೆ, ನಡೆದ್ರೂ ಆಗತ್ತೆ. ಈ ಏರಿಯಾಕ್ಕೆ ಊರಿನವರು ಇಟ್ಟಿರೋ ಅಡ್ಡಹೆಸರು ಬರ್ನೋ ಬ್ರಾಂಕ್ಸ್, ನ್ಯೂಯಾರ್ಕ್‌ನಲ್ಲಿ ಬಡತನ, ಅಪರಾಧಕ್ಕೆ ಹೆಸರಾಗಿದ್ದ ಏರಿಯಾದ ಹೆಸರದು. ಇಲ್ಲಿಗೆ ಕೆಲಸಕ್ಕೆ ಬಂದ ಇಂಡಿಯನ್ನರಿಗೆ ಮನೆ ಹುಡುಕೋ ಮೊದಲನೇ ವಾರದಲ್ಲೇ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ, ತ್ಸೇಲ್ ಕಡೆ ಮಾತ್ರ ಮನೆ ಮಾಡ್ಬೇಡಿ, ರಾತ್ರಿ ಆ ಬೀದಿಲಿ ಓಡಾಡ್ಬೇಡಿ ಅಂತ. ಯಾಕೆ ಅಂತ ಕೇಳಿದ್ರೆ ಸ್ವಲ್ಪ ದನಿ ತಗ್ಗಿಸಿ, ಅಲ್ಲಿ ಅವರಿರ್ತಾರೆ ಅಂತಾರೆ. ಹೇಳೋರು ಕೆಟ್ಟವರಲ್ಲ, ಅದೇ ನನಗೆ ಬೇಜಾರು. ನಮ್ಮ ಆಫೀಸಲ್ಲಿ ಒಬ್ಬ ಚೆಕ್ ಸಹೋದ್ಯೋಗಿ ಇದ್ದಾನೆ, ಹೊಸದಾಗಿ ಬಂದವರ ಜೊತೆ ವೀಸಾ ಆಫೀಸಿಗೆ ತಾನೇ ರಜಾ ಹಾಕಿ ಹೋಗೋವಷ್ಟು ಒಳ್ಳೆಯವನು, ನಿರಾಶ್ರಿತರಿಗೆ ದುಡ್ಡು ಕಳಿಸ್ತಾನೆ, ನಾಯಿ ಬೆಕ್ಕಿಗೂ ಮರುಗ್ತಾನೆ, ರೋಮಾ ಅಂದ ತಕ್ಷಣ ಮಾತ್ರ ಅವನ ಬಾಯಲ್ಲಿ ಬರೋ ಮಾತು ಕೇಳಕ್ಕಾಗಲ್ಲ. ಅವನಿಗೆ ಅದು ಅಭಿಪ್ರಾಯ ಅಂತಾನೇ ಅನ್ಸಲ್ಲ, ಮಳೆ ಬಂದ್ರೆ ನೆಲ ಒದ್ದೆಯಾಗತ್ತೆ ಅನ್ನೋ ಥರ ಹೇಳ್ತಾನೆ. ಮ್ಯೂಸಿಯಂ ಇದೆ, ಹೋಗೋಣ ಬಾ ಅಂತ ಕರೆದ್ರೆ, ಇದೇ ಊರಲ್ಲಿ ಹುಟ್ಟಿ ಬೆಳೆದಿರೋನು, ಹೌದಾ ಅಂಥದ್ದೊಂದು ಇದೆಯಾ ಅಂದ.

ಮ್ಯೂಸಿಯಂ ಶುರುವಾಗಿದ್ದು 1991ರಲ್ಲಿ, ಶುರು ಮಾಡಿದ್ದು ರೋಮಾ ಸಮುದಾಯದ ಓದಿದ ಜನರೇ, ಇದು ನನಗೆ ತುಂಬಾ ಮುಖ್ಯ ಅನ್ಸತ್ತೆ. ಇದಕ್ಕೂ ಮುಂಚೆ 1969ರಲ್ಲಿ ರೋಮಾಗಳು ತಮ್ಮದೇ ಒಂದು ಸಂಘ ಕಟ್ಟಿದ್ರು, ಕಮ್ಯುನಿಸ್ಟ್ ಸರ್ಕಾರ 1973ರಲ್ಲಿ ಅದನ್ನ ಮುಚ್ಚಿಸ್ತು. 1989ರಲ್ಲಿ ಸರ್ಕಾರ ಬಿದ್ದ ಮೇಲೆ ದಾರಿ ತೆರೀತು. ಸ್ಥಾಪಕರಲ್ಲಿ ಒಬ್ಬರಾದ ಕರೆಲ್ ಹೊಲೊಮೆಕ್ ಆ ಕಾಲದಲ್ಲಿ ಸರ್ಕಾರದ ವಿರುದ್ಧ ನಿಂತವರು, ಅವರ ತಂದೆ ತೊಮಾಶ್ ಹೊಲೊಮೆಕ್ ಎರಡನೇ ಮಹಾಯುದ್ಧಕ್ಕೂ ಮುಂಚೆನೇ ಪ್ರಾಗ್‌ನ ಚಾರ್ಲ್ಸ್ ಯೂನಿವರ್ಸಿಟಿಯಲ್ಲಿ ಲಾ ಓದಿದವರು, ಚೆಕ್ ರೋಮಾಗಳಲ್ಲಿ ಮೊದಲ ಪದವೀಧರ ಅಂತ ಅವರನ್ನ ನೆನೀತಾರೆ. ಮೊಮ್ಮಗಳು ಯಾನಾ ಹೊರ್ವಾತೊವಾ ಇತಿಹಾಸಕಾರ್ತಿ, ಈ ಮ್ಯೂಸಿಯಂನ ಡೈರೆಕ್ಟರ್ ಆದವರು. ಒಂದೇ ಮನೆಯ ಮೂರು ತಲೆಮಾರು ನೋಡಿ. ರೋಮಾ ಅಂದ್ರೆ ಓದಲ್ಲ, ಓದೋದು ಅವರ ರಕ್ತದಲ್ಲೇ ಇಲ್ಲ ಅನ್ನೋರಿಗೆ ಬೇರೆ ಉತ್ತರ ಬೇಕಿಲ್ಲ. 2005ರಿಂದ ಇದು ಸರ್ಕಾರಿ ಮ್ಯೂಸಿಯಂ, ಕಾಯಂ ಪ್ರದರ್ಶನ ಕಾಲಾನುಕ್ರಮದಲ್ಲಿ ಒಂದಾದ ಮೇಲೊಂದು ಹಾಲ್ ಹೋಗತ್ತೆ.

ಶುರು ಇಂಡಿಯಾದಿಂದ. ಸುಮಾರು ಸಾವಿರ ವರ್ಷದ ಹಿಂದೆ ಉತ್ತರ ಭಾರತದ ಕಡೆಯಿಂದ ಹೊರಟವರು ಅಂತ ಭಾಷಾಶಾಸ್ತ್ರ, ಜೆನೆಟಿಕ್ಸ್ ಎರಡೂ ಹೇಳತ್ವೆ. ನಮ್ಮವರು ಇಲ್ಲಿ ಫೋಟೋ ತಗೊಂಡು, ನೋಡ್ರೀ ನೀರಿಗೆ ಪಾನಿ ಅಂತಾರಂತೆ ಅಂತ ಖುಷಿಪಟ್ಟು ಇಲ್ಲೇ ನಿಂತುಬಿಡೋ ಅಪಾಯ ಇದೆ. ದಯವಿಟ್ಟು ಮುಂದೆ ನಡೀರಿ. ಆ ಜನ ಇಂಡಿಯಾ ಬಿಟ್ಟು ಸಾವಿರ ವರ್ಷ ಆಯ್ತು, ಅವರು ಯುರೋಪಿನವರು, ಅವರಿಗೆ ಆಗಿದ್ದೆಲ್ಲ ಅಲ್ಲೇ ಆಗಿದ್ದು.

ಏನಾಯ್ತು ಅನ್ನೋದು ಓದ್ತಾ ಹೋದ್ರೆ ಹೊಟ್ಟೆ ತೊಳಸತ್ತೆ. ಈಗಿನ ರೊಮೇನಿಯಾದ ವಲ್ಲಾಕಿಯಾ, ಮೊಲ್ಡಾವಿಯಾ ಸಂಸ್ಥಾನಗಳಲ್ಲಿ ರೋಮಾಗಳು ಗುಲಾಮರಾಗಿದ್ರು, 14ನೇ ಶತಮಾನದ ದಾಖಲೆಗಳಲ್ಲೇ ಅದಿದೆ, ರಾಜರು, ಮಠಗಳು, ಜಮೀನ್ದಾರರು ಅವರನ್ನ ಆಸ್ತಿ ಥರ ಇಟ್ಕೊಂಡಿದ್ರು, ಕೊಡ್ತಿದ್ರು, ಮಾರ್ತಿದ್ರು. ಪೂರ್ತಿ ನಿಂತಿದ್ದು 1855-56ರಲ್ಲಿ. ಯುರೋಪಿನ ನೆಲದಲ್ಲೇ ಐನೂರು ವರ್ಷದ ಹತ್ತಿರ ಗುಲಾಮಗಿರಿ ನಡೆದಿದೆ ಅಂತ ನಮ್ಮ ಸ್ಕೂಲಲ್ಲಿ ಯಾರೂ ಹೇಳಿಕೊಡಲಿಲ್ಲ. ಈ ಚೆಕ್ ಸೀಮೆಯಲ್ಲಿ 1697ರಲ್ಲಿ ಚಕ್ರವರ್ತಿ ಲಿಯೋಪೋಲ್ಡ್ ರೋಮಾಗಳನ್ನ ಕಾನೂನಿನ ರಕ್ಷಣೆಯಿಂದಲೇ ಹೊರಗೆ ಹಾಕ್ದ, ಅಂದ್ರೆ ಕೊಂದ್ರೂ ಕೇಳೋರಿಲ್ಲ. ಆಮೇಲೆ 1710ರಲ್ಲಿ ಮುಂದಿನ ಚಕ್ರವರ್ತಿ ಜೋಸೆಫ್ ಕಾಲದ ಆಜ್ಞೆ, ಗಂಡಸರನ್ನ ವಿಚಾರಣೆ ಇಲ್ಲದೆ ಗಲ್ಲಿಗೆ ಹಾಕೋದು, ಹೆಂಗಸರು ಮತ್ತು ಹುಡುಗರ ಕಿವಿ ಕತ್ತರಿಸೋದು, ಚೆಕ್ ಸೀಮೆಯ ಪಶ್ಚಿಮ ಭಾಗವಾದ ಬೊಹೆಮಿಯಾದಲ್ಲಿ ಬಲಗಿವಿ, ಬರ್ನೋ ಇರೋ ಪೂರ್ವ ಭಾಗವಾದ ಮೊರಾವಿಯಾದಲ್ಲಿ ಎಡಗಿವಿ, ಯಾವ ಸೀಮೆಯಿಂದ ಓಡಿಸಿದ್ದು ಅಂತ ಗೊತ್ತಾಗಲಿ ಅಂತ. ಗಡಿಗಳಲ್ಲಿ ಈ ಶಿಕ್ಷೆಗಳ ಚಿತ್ರ ಬರೆದ ಬೋರ್ಡು ನೆಡ್ತಿದ್ರು, ಅಕ್ಷರ ಬರದವರಿಗೂ ಅರ್ಥ ಆಗ್ಲಿ ಅಂತ. ನಿಲ್ಲೋಕೆ ಎಲ್ಲೂ ಬಿಡದೆ ಅಟ್ಟಾಡಿಸಿ, ಆಮೇಲೆ ಅಲೆಮಾರಿಗಳು, ಒಂದು ಕಡೆ ನಿಲ್ಲೋ ಜನ ಅಲ್ಲ ಅನ್ನೋದು. ಆಮೇಲೆ ಬಂದ ರಾಣಿ ಮರಿಯಾ ತೆರೇಸಾ ಕಾಲಕ್ಕೆ ಬಂದ್ರೆ ಉಲ್ಟಾ, ನಿಲ್ಲಿಸ್ತೀವಿ ಅಂತ ಹೊರಟು ಭಾಷೆ ಆಡಂಗಿಲ್ಲ ಅಂದ್ರು, ಮಕ್ಕಳನ್ನ ಕಿತ್ಕೊಂಡು ಬೇರೆಯವರ ಮನೆಲಿ ಬೆಳೆಸೋಕೆ ಕೊಟ್ರು.

ಈ ಮ್ಯೂಸಿಯಂನಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ನಿಂತಿದ್ದು 1927ರ ಕಾನೂನಿನ ಗುರುತಿನ ಚೀಟಿ ಮುಂದೆ. ಆಗ ಚೆಕೊಸ್ಲೊವಾಕಿಯಾ ಅಂದ್ರೆ ಮಧ್ಯ ಯುರೋಪಿನ ಒಳ್ಳೆ ಪ್ರಜಾಪ್ರಭುತ್ವ ಅಂತ ಹೆಸರು. ಆ ದೇಶದ ಪಾರ್ಲಿಮೆಂಟು ಅಲೆಮಾರಿ ರೋಮಾಗಳ ಮೇಲೆ ಒಂದು ಕಾನೂನು ಮಾಡಿ, 14 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಈ ಚೀಟಿ ಕಡ್ಡಾಯ ಮಾಡ್ತು. ಹೆಸರು, ಅಡ್ಡಹೆಸರು, ಮುಖದ ಲಕ್ಷಣ, ಮೈಮೇಲಿನ ಗುರುತು, ಬೆರಳಚ್ಚು. ಬೆರಳಚ್ಚುಗಳನ್ನ ಹತ್ತಿರದಿಂದ ನೋಡಿ. ಕಮ್ಮಾರರು, ಕುದುರೆ ವ್ಯಾಪಾರದವರು, ಪಿಟೀಲು ನುಡಿಸೋರು, ಅವರ ಮನೆಯ ಹದಿನಾಲ್ಕು ಹದಿನೈದು ವರ್ಷದ ಮಕ್ಕಳು, ಯಾವ ತಪ್ಪೂ ಮಾಡದವರ ಬೆರಳಿನ ಗೆರೆಗಳು, ಅಪರಾಧಿಗಳ ಫೈಲಲ್ಲಿ ಇರೋ ಹಾಗೆ ಸಾಲಾಗಿ. ಎಲ್ಲೆಲ್ಲಿ ತಿರುಗಾಡಬಹುದು ಅನ್ನೋದಕ್ಕೆ ಬೇರೆ ಪರ್ಮಿಟ್ಟು, ಕೆಲವು ಸೀಮೆಗಳಿಗೆ ಪ್ರವೇಶಾನೇ ಇಲ್ಲ. ಹುಟ್ಟಿದ್ದಕ್ಕೇ ಅಪರಾಧಿ ಅನ್ನೋ ಕಾನೂನು ನಮಗೂ ಹೊಸದಲ್ಲ, ಬ್ರಿಟಿಷರು 1871ರಲ್ಲಿ ಮಾಡಿದ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಗೊತ್ತಿರೋರಿಗೆ ಈ ಚೀಟಿ ನೋಡಿದ ತಕ್ಷಣ ಅರ್ಥ ಆಗತ್ತೆ. ಆದ್ರೆ ಇಲ್ಲಿ ಕಥೆ ಬೇರೆ ಕಡೆ ಹೋಯ್ತು. ಹನ್ನೆರಡು ವರ್ಷದಲ್ಲಿ ನಾಜಿಗಳು ಬಂದ್ರು, ಯಾರು ರೋಮಾ ಅಂತ ಹುಡುಕೋಕೆ ಅವರು ಹೆಚ್ಚು ಕಷ್ಟ ಪಡಬೇಕಾಗಿರಲಿಲ್ಲ, ಪಟ್ಟಿ ರೆಡಿ ಇತ್ತು.

ಯುದ್ಧದ ಹಾಲ್ ಬಗ್ಗೆ ಬರೆಯೋದು ಕಷ್ಟ. ಆಗಿನ ಚೆಕ್ ಸೀಮೆಯಲ್ಲಿ ರೋಮಾಗಳಿಗೆ ಅಂತಲೇ ಎರಡು ಕ್ಯಾಂಪ್ ಇತ್ತು, ಬೊಹೆಮಿಯಾದಲ್ಲಿ ಲೆಟಿ, ಮೊರಾವಿಯಾದಲ್ಲಿ ಹೊಡೊನೀನ್. ಲೆಟಿಯಲ್ಲಿ ಸುಮಾರು 1,300 ಜನ ಇದ್ರು, 300ಕ್ಕೂ ಹೆಚ್ಚು ಜನ ಅಲ್ಲೇ ಸತ್ರು, ಮಕ್ಕಳೇ ಬಹಳ, 500ಕ್ಕೂ ಹೆಚ್ಚು ಜನರನ್ನ ನಾಜಿಗಳ ಸಾವಿನ ಕ್ಯಾಂಪ್ ಆಶ್ವಿಟ್ಜ್‌ಗೆ ಕಳಿಸಿದ್ರು. ಕಾವಲು ಕಾಯ್ತಿದ್ದವರು ಜರ್ಮನ್ನರಲ್ಲ, ಚೆಕ್ ಪೊಲೀಸರು. ಈ ಒಂದು ವಾಕ್ಯಕ್ಕೇ ಎಷ್ಟೋ ಜನ ಇವತ್ತಿಗೂ ಜಗಳಕ್ಕೆ ಬರ್ತಾರೆ. 1942ರ ಡಿಸೆಂಬರ್‌ನಲ್ಲಿ ರೋಮಾಗಳನ್ನ ಆಶ್ವಿಟ್ಜ್‌ಗೆ ಸಾಗಿಸಿ ಅಂತ ನಾಜಿ ನಾಯಕ ಹಿಮ್ಲರ್ ಆಜ್ಞೆ ಬಂತು, 1943ರ ಮಾರ್ಚ್ 7ಕ್ಕೆ ಇದೇ ಬರ್ನೋದಿಂದ, ಮಾಸ್ನಾ ಬೀದಿಯ ಕಸಾಯಿಖಾನೆ ಹತ್ತಿರದಿಂದ, ಸಾವಿರಕ್ಕೂ ಹೆಚ್ಚು ರೋಮಾಗಳನ್ನ ತುಂಬಿಕೊಂಡು ಟ್ರೈನ್ ಹೊರಟಿದ್ದು ಆಶ್ವಿಟ್ಜ್‌ಗೆ. ಅಲ್ಲಿನ ಬಿರ್ಕೆನಾವ್ ಅನ್ನೋ ಭಾಗದಲ್ಲಿ ರೋಮಾ ಮತ್ತು ಸಿಂತಿ (ಜರ್ಮನಿ ಕಡೆಯ ರೋಮಾ ಗುಂಪು) ಕುಟುಂಬಗಳಿಗೆ ಬೇರೆ ವಿಭಾಗ, ಒಟ್ಟು 23,000ದಷ್ಟು ಜನ. 1944ರ ಆಗಸ್ಟ್ 2ರ ರಾತ್ರಿ ಉಳಿದಿದ್ದ 4,000ಕ್ಕೂ ಹೆಚ್ಚು ಜನರನ್ನ, ಹೆಚ್ಚಾಗಿ ಮುದುಕರು ಹೆಂಗಸರು ಮಕ್ಕಳು, ಒಂದೇ ರಾತ್ರಿಲಿ ಗ್ಯಾಸ್‌ಗೆ ಹಾಕಿದ್ರು. ಯುದ್ಧಕ್ಕೆ ಮುಂಚೆ ಚೆಕ್ ಸೀಮೆಯಲ್ಲಿದ್ದ ರೋಮಾಗಳು ಹತ್ತಿರ ಹತ್ತಿರ 6,500, ಕ್ಯಾಂಪ್‌ಗಳಿಂದ ವಾಪಸ್ ಬಂದವರು 600 ಕೂಡ ಇಲ್ಲ. ಇವತ್ತು ಚೆಕ್ ದೇಶದಲ್ಲಿರೋ ರೋಮಾಗಳಲ್ಲಿ ಬಹುಪಾಲು ಜನ ಯುದ್ಧ ಆದ್ಮೇಲೆ ಸ್ಲೊವಾಕಿಯಾದಿಂದ ಬಂದವರ ಮಕ್ಕಳು ಮೊಮ್ಮಕ್ಕಳು, ಯಾಕಂದ್ರೆ ಇಲ್ಲಿನವರು ಉಳಿದೇ ಇರಲಿಲ್ಲ.

ಲೆಟಿ ವಿಷಯ ಇನ್ನೂ ಇದೆ. ಆ ಕ್ಯಾಂಪ್ ಇದ್ದ ಜಾಗದಲ್ಲಿ 1970ರ ದಶಕದಲ್ಲಿ ದೊಡ್ಡ ಹಂದಿ ಸಾಕಣೆ ಕೇಂದ್ರ ಕಟ್ಟಿದ್ರು. ಸತ್ತವರ ಮನೆಯವರು, ಮಾನವ ಹಕ್ಕಿನವರು ವರ್ಷಗಟ್ಟಲೆ ಬೇಡ್ಕೊಂಡ್ರು, ತೆಗೀರಿ ಅಂತ. ಕಮ್ಯುನಿಸಂ ಹೋಯ್ತು, ದೇಶ ಯುರೋಪಿಯನ್ ಯೂನಿಯನ್ ಸೇರ್ತು, ಹಂದಿಗಳು ಅಲ್ಲೇ ಇದ್ವು. ಸರ್ಕಾರ ಅದನ್ನ ಸುಮಾರು 45 ಕೋಟಿ ಕೊರುನಾ (ಚೆಕ್ ದುಡ್ಡು) ಕೊಟ್ಟು ಕೊಂಡ್ಕೊಳ್ಳೋಕೆ ಒಪ್ಪಿದ್ದು 2017ರಲ್ಲಿ, ಕೆಡವೋಕೆ ಶುರು ಮಾಡಿದ್ದು 2022ರಲ್ಲಿ, ಸ್ಮಾರಕ ತೆರೆದಿದ್ದು 2024ರಲ್ಲಿ. ಈ ಸ್ಮಾರಕವನ್ನೂ ಇದೇ ಮ್ಯೂಸಿಯಂ ನೋಡ್ಕೊಳ್ಳತ್ತೆ, ಹೊಡೊನೀನ್‌ದೂ ಇವರದೇ.

ಯುದ್ಧ ಮುಗಿದ ಮೇಲಿನ ಭಾಗವನ್ನ ಜನ ಬೇಗ ಬೇಗ ದಾಟಿ ಹೋಗೋದು ನೋಡ್ದೆ, ಸುಸ್ತಾಗಿರತ್ತೆ ಪಾಪ, ಆದ್ರೆ ಇವತ್ತಿನ ರೋಮಾ ಪರಿಸ್ಥಿತಿ ಅರ್ಥ ಆಗೋದು ಅಲ್ಲೇ. 1958ರಲ್ಲಿ ಕಮ್ಯುನಿಸ್ಟ್ ಸರ್ಕಾರ ಅಲೆಮಾರಿ ಬದುಕನ್ನೇ ಕಾನೂನಿನಿಂದ ನಿಲ್ಲಿಸ್ತು, ಗಾಡಿ ಚಕ್ರ ಬಿಚ್ಚಿದ್ರು, ಕುದುರೆ ಕಿತ್ಕೊಂಡ್ರು. ಕಾರ್ಖಾನೆಗೆ, ಕಟ್ಟಡ ಕೆಲಸಕ್ಕೆ ಜನ ಬೇಕಿತ್ತು, ತಂದು ಹಳೇ ಮನೆಗಳಲ್ಲಿ ತುಂಬಿದ್ರು. 1970ರ ದಶಕದಿಂದ ರೋಮಾ ಹೆಂಗಸರಿಗೆ ಸಂತಾನಹರಣ ಆಪರೇಷನ್, ಕೆಲವರಿಗೆ ದುಡ್ಡಿನ ಆಸೆ ತೋರಿಸಿ, ಕೆಲವರಿಗೆ ಮಕ್ಕಳನ್ನ ಕಿತ್ಕೋತೀವಿ ಅಂತ ಹೆದರಿಸಿ, ಇನ್ನು ಕೆಲವರಿಗೆ ಹೆರಿಗೆ ಟೇಬಲ್ ಮೇಲೆ ಏನು ಅಂತಾನೂ ಹೇಳದೆ ಸೈನ್ ಹಾಕಿಸಿ. ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ದನಿ ಎತ್ತಿದ ಚಾರ್ಟರ್ 77 ಗುಂಪಿನವರು 1978ರಲ್ಲೇ ಇದನ್ನ ಬರೆದಿದ್ರು. ಸರ್ಕಾರ ವಿಷಾದ ವ್ಯಕ್ತಪಡಿಸಿದ್ದು 2009ರಲ್ಲಿ, ಪರಿಹಾರದ ಕಾನೂನು ಬಂದಿದ್ದು 2021ರಲ್ಲಿ, ಒಬ್ಬರಿಗೆ 3 ಲಕ್ಷ ಕೊರುನಾ. ಅಷ್ಟು ಹೊತ್ತಿಗೆ ಎಷ್ಟೋ ಜನ ತೀರ್ಕೊಂಡಿದ್ರು.

ಸ್ಕೂಲಿನ ವಿಷಯ ಕೇಳಿ. ಓಸ್ಟ್ರಾವಾ ಅನ್ನೋ ಊರಲ್ಲಿ ರೋಮಾ ಮಗು ಬುದ್ಧಿಮಾಂದ್ಯ ಮಕ್ಕಳ ವಿಶೇಷ ಶಾಲೆಗೆ ಹೋಗೋ ಸಾಧ್ಯತೆ ಬೇರೆ ಮಕ್ಕಳಿಗಿಂತ 27 ಪಟ್ಟು ಜಾಸ್ತಿ ಇತ್ತು. 18 ಮಕ್ಕಳು ಕೇಸ್ ಹಾಕಿದ್ರು, ಯುರೋಪಿಯನ್ ಮಾನವ ಹಕ್ಕುಗಳ ಕೋರ್ಟು 2007ರಲ್ಲಿ ಇದು ತಾರತಮ್ಯ ಅಂತ ತೀರ್ಪು ಕೊಟ್ತು. ಮನೇಲಿ ಬೇರೆ ಭಾಷೆ ಆಡೋ ಆರು ವರ್ಷದ ಮಗುಗೆ ಚೆಕ್ ಭಾಷೆಲಿ ಟೆಸ್ಟ್ ಕೊಟ್ಟು, ಬರಲಿಲ್ಲ ಅಂದ್ರೆ ಬುದ್ಧಿ ಕಮ್ಮಿ ಅಂತ ಬರೆದುಬಿಟ್ರೆ ಆ ಮಗು ಮುಂದೆ ಏನಾಗಬೇಕು? ವಿಶೇಷ ಶಾಲೆ ಸರ್ಟಿಫಿಕೇಟ್ ಹಿಡ್ಕೊಂಡು ಯಾವ ಕೆಲಸ ಸಿಗತ್ತೆ? ಆಮೇಲೆ ಇಪ್ಪತ್ತು ವರ್ಷ ಬಿಟ್ಟು ಅದೇ ಮಗುನ ತೋರಿಸಿ, ನೋಡಿ ಇವರು ಕೆಲಸ ಮಾಡಲ್ಲ ಅನ್ನೋದು. 1999ರಲ್ಲಿ ಊಸ್ತಿ ನಾಡ್ ಲಾಬೆಮ್ ಅನ್ನೋ ಊರಲ್ಲಿ ರೋಮಾ ಮನೆಗಳಿಗೂ ಎದುರು ಮನೆಗಳಿಗೂ ಮಧ್ಯ ಗೋಡೆನೇ ಕಟ್ಟಿಬಿಟ್ಟಿದ್ರು, ಬರ್ಲಿನ್ ಗೋಡೆ ಬಿದ್ದು ಹತ್ತು ವರ್ಷಕ್ಕೆ. ದೇಶ ವಿದೇಶದಲ್ಲಿ ಗಲಾಟೆ ಆಗಿ ಕೆಲವೇ ವಾರದಲ್ಲಿ ಕೆಡವಿದ್ರು.

ಇಲ್ಲಿರೋ ಇಂಡಿಯನ್ನರ ಗ್ರೂಪ್‌ಗಳಲ್ಲಿ ಬರೋ ವಾದಕ್ಕೂ ಇಲ್ಲೇ ಉತ್ತರ ಕೊಟ್ಬಿಡ್ತೀನಿ, ರಿವ್ಯೂ ಉದ್ದ ಆದ್ರೂ ಪರವಾಗಿಲ್ಲ. ಅವರು ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಭತ್ಯೆ ತಿಂತಾರೆ ಅಂತಾರಲ್ಲ, ಆ ದುಡ್ಡು ಎಲ್ಲಿ ಹೋಗತ್ತೆ ನೋಡಿ. ರೋಮಾ ಅಂತ ಗೊತ್ತಾದ್ರೆ ಸಾಮಾನ್ಯ ಓನರು ಮನೆ ಕೊಡಲ್ಲ, ಫೋನಲ್ಲಿ ಖಾಲಿ ಇದೆ ಅಂದೋರು ಮುಖ ನೋಡಿ ಈಗ್ತಾನೇ ಹೋಯ್ತು ಅಂತಾರೆ. ಆಗ ಉಳಿಯೋದು ಉಬಿಟೊವ್ನಾ ಅನ್ನೋ ಹಾಸ್ಟೆಲ್ ಥರದ ಕಟ್ಟಡಗಳು, ಒಂದು ರೂಮಲ್ಲಿ ಇಡೀ ಕುಟುಂಬ, ಬಾತ್‌ರೂಮ್ ಇಡೀ ಮಹಡಿಗೆ ಒಂದು, ಬಾಡಿಗೆ ಮಾತ್ರ ಒಳ್ಳೆ ಫ್ಲಾಟಿನಷ್ಟು. ಆ ಬಾಡಿಗೆನ ಕಟ್ಟೋದು ಸರ್ಕಾರದ ವಸತಿ ಭತ್ಯೆ, ಸೇರೋದು ಕಟ್ಟಡದ ಓನರ್ ಜೇಬಿಗೆ. ಚೆಕ್ಕರೇ ಇದನ್ನ ಬಡತನದ ವ್ಯಾಪಾರ ಅಂತ ಕರೀತಾರೆ. ಇನ್ನು ಸಾಲ. ಇಲ್ಲಿ ವಸೂಲಿ ಮಾಡೋರು ಖಾಸಗಿಯವರು, ಟಿಕೆಟ್ ಇಲ್ಲದೆ ಟ್ರಾಮ್ ಹತ್ತಿದ ದಂಡ ಕಟ್ಟದೆ ಬಿಟ್ರೆ ವಕೀಲರ ಫೀಸು ವಸೂಲಿ ಫೀಸು ಸೇರಿ ಹತ್ತಾರು ಪಟ್ಟು ಬೆಳೆದ ಉದಾಹರಣೆ ಬೇಕಾದಷ್ಟಿದೆ. ಸಂಬಳ ಬ್ಯಾಂಕಿಗೆ ಬಂದ್ರೆ ದೊಡ್ಡ ಪಾಲು ವಸೂಲಿಯವರು ಹಿಡ್ಕೋತಾರೆ, ಹಂಗಾಗಿ ಜನ ಲೆಕ್ಕಕ್ಕೆ ಸಿಗದ ಕೂಲಿ ಕೆಲಸಕ್ಕೆ ಹೋಗ್ತಾರೆ, ದಿನವಿಡೀ ದುಡಿದ್ರೂ ಸರ್ಕಾರಿ ಲೆಕ್ಕದಲ್ಲಿ ನಿರುದ್ಯೋಗಿ. ಇದು ಚೆಕ್ ದೇಶದ ಕಥೆ ಮಾತ್ರ ಅಲ್ಲ, ಯುರೋಪಿಯನ್ ಯೂನಿಯನ್‌ನ ಮೂಲಭೂತ ಹಕ್ಕುಗಳ ಏಜೆನ್ಸಿ 2021ರಲ್ಲಿ ಹಲವು ದೇಶಗಳಲ್ಲಿ ಮಾಡಿದ ಸರ್ವೇಲಿ ರೋಮಾಗಳಲ್ಲಿ 80 ಪರ್ಸೆಂಟ್ ಜನ ಬಡತನದ ಅಪಾಯದಲ್ಲಿದ್ರು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಇಡೀ ಚೆಕ್ ದೇಶ ಮನೆ ಬಾಗಿಲು ತೆಗೀತು, ನಿಜವಾಗಲೂ ದೊಡ್ಡ ಮನಸ್ಸು ತೋರಿಸಿದ್ರು, ಆದ್ರೆ ಅದೇ ಉಕ್ರೇನ್‌ನಿಂದ ಬಂದ ರೋಮಾ ಕುಟುಂಬಗಳು ಪ್ರಾಗ್‌ನ ಮುಖ್ಯ ಸ್ಟೇಷನ್‌ನಲ್ಲಿ ಮಕ್ಕಳು ಮರಿ ಕಟ್ಕೊಂಡು ನೆಲದ ಮೇಲೆ ಮಲಗಿದ್ರು.

ಇದೆಲ್ಲ ನಮಗ್ಯಾಕೆ ಅನ್ನೋರಿಗೆ ಒಂದು ಘಟನೆ. ಇಲ್ಲಿನ ಒಂದು ಅಂಗಡಿ, ಹೆಸರು ಬೇಡ, ಶಾಂಪೂ ಸೋಪು ತಗೊಳ್ಳೋಕೆ ಹೋಗಿದ್ದೆ. ಸೆಕ್ಯುರಿಟಿಯವನು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ನನ್ನ ಹಿಂದೆನೇ ಬಂದ, ನಾನು ನಿಂತ್ರೆ ನಿಂತ, ಬ್ಯಾಗ್ ತೆಗೆದು ಲಿಸ್ಟ್ ನೋಡಿದ್ರೆ ಹತ್ತಿರ ಬಂದ. ಬಿಲ್ ಹಾಕಿಸುವಾಗ ಫೋನ್ ಬಂತು, ಇಂಗ್ಲಿಷಲ್ಲಿ ಮಾತಾಡಿದೆ. ಅವನ ಭುಜ ಇಳೀತು, ಮುಖ ಸಡಿಲ ಆಯ್ತು, ಬಾಗಿಲ ಹತ್ತಿರ ಸಣ್ಣಗೆ ನಕ್ಕು, ಇಂಡಿಯಾನಾ ಅಂತ ಕೇಳಿದ. ಮೈಬಣ್ಣ ಅದೇ, ಕೂದಲು ಅದೇ, ಬ್ಯಾಗು ಅದೇ. ಇಲ್ಲಿರೋ ನಮ್ಮವರಲ್ಲಿ ಬಹಳ ಜನಕ್ಕೆ ಈ ಅನುಭವ ಆಗಿದೆ, ಆದ್ರೆ ಗ್ರೂಪಲ್ಲಿ ಅದನ್ನ ಹೇಳಿಕೊಳ್ಳುವಾಗ ಅವರ ಸಿಟ್ಟು ಯಾವುದರ ಮೇಲೆ ಗೊತ್ತಾ, ನಮ್ಮನ್ನ ಅವರು ಅಂದ್ಕೊಂಡ್ರಲ್ಲ ಅಂತ! ಒಬ್ರು ಅಂಕಲ್ ಅಂತೂ, ಇಂಡಿಯಾ ಬಾವುಟದ ಬ್ಯಾಡ್ಜ್ ಹಾಕ್ಕೊಂಡು ಓಡಾಡಿ, ತೊಂದರೆ ಇರಲ್ಲ ಅಂತ ಸಲಹೆ ಕೊಟ್ರು. ಸಾರ್, ಬ್ಯಾಡ್ಜ್ ಹಾಕ್ಕೊಂಡ್ರೆ ನಮಗೆ ತೊಂದರೆ ಇರಲ್ಲ, ಸರಿ. ಆದ್ರೆ ಆ ಅಂಗಡಿಲಿ ನಮ್ಮ ಹಿಂದೆ ಸಾಲಲ್ಲಿ ನಿಂತಿರೋ ರೋಮಾ ಹೆಂಗಸು ಯಾವ ಬ್ಯಾಡ್ಜ್ ಹಾಕ್ಕೋಬೇಕು? ಅವಳು ಅದೇ ದೇಶದ ಪ್ರಜೆ, ಅವಳ ಪಾಸ್‌ಪೋರ್ಟೂ ಚೆಕ್ಕೇ. ನಾವು ಅವರಲ್ಲ ಅಂತ ನಾವು ಸಾಬೀತು ಮಾಡೋಕೆ ಹೊರಟಷ್ಟೂ, ಅವರನ್ನ ಹಿಂಬಾಲಿಸೋದು ಸರಿ ಅಂತ ಒಪ್ಪಿಕೊಂಡ ಹಾಗೆ ಆಗತ್ತೆ. ಈ ಮ್ಯೂಸಿಯಂಗೆ ಇಲ್ಲಿರೋ ಇಂಡಿಯನ್ನರು ಹೋಗ್ಲೇಬೇಕು ಅಂತ ನಾನು ಇಷ್ಟು ಹಠ ಹಿಡಿಯೋದು ಈ ಒಂದು ಕಾರಣಕ್ಕೆ.

ಮ್ಯೂಸಿಯಂನಲ್ಲಿ ನನಗೆ ಬಹಳ ಇಷ್ಟ ಆಗಿದ್ದು ಇನ್ನೊಂದಿದೆ, ಅದು ಗಾಜಿನ ಪೆಟ್ಟಿಗೆ ಒಳಗಿಲ್ಲ. ಏರಿಯಾದ ಮಕ್ಕಳಿಗೆ ಇವರು ಪಾಠ ಹೇಳಿಕೊಡೋ ವ್ಯವಸ್ಥೆ ಮಾಡಿದ್ದಾರೆ, ಸ್ವಯಂಸೇವಕರು ಬಂದು ಹೇಳಿಕೊಡ್ತಾರೆ. ನಾನು ಹೊರಗೆ ಬರೋ ಹೊತ್ತಿಗೆ ಸ್ಕೂಲ್ ಬಿಟ್ಟಿತ್ತು, ಮೆಟ್ಟಿಲ ಮೇಲೆ ಒಂಬತ್ತು ಹತ್ತು ವರ್ಷದ ಹುಡುಗಿ ಗಣಿತದ ಪುಸ್ತಕ ತೊಡೆ ಮೇಲೆ ಇಟ್ಕೊಂಡು ಭಾಗಾಕಾರ ಮಾಡ್ತಿದ್ಲು, ತಮ್ಮ ರಬ್ಬರ್ ಕಿತ್ಕೊಂಡ ಅಂತ ಅವನ ತಲೆಗೊಂದು ಕೊಟ್ಲು, ಕಾಲೇಜು ಹುಡುಗಿ ಒಬ್ಳು ಬಂದು ಇಬ್ಬರನ್ನೂ ಒಳಗೆ ಕರ್ಕೊಂಡು ಹೋದ್ಲು. ಲೆಕ್ಕ ತಪ್ಪಾಗಿತ್ತು, ಮುಂದಿನ ಅಂಕಿ ಕೆಳಗಿಳಿಸೋದು ಮರೆತಿದ್ಲು, ಎಲ್ಲಾ ಮಕ್ಕಳೂ ಮರೆಯೋ ಹಾಗೆ. ಇಂಥ ಮಗುನೇ ಅಲ್ವಾ ಬುದ್ಧಿ ಕಮ್ಮಿ ಅಂತ ಬೇರೆ ಸ್ಕೂಲಿಗೆ ತಳ್ಳಿದ್ದು. ಮ್ಯೂಸಿಯಂ ಅಂದ್ರೆ ಹಳೇ ಸಾಮಾನು ಜೋಡಿಸಿಟ್ಟು ಟಿಕೆಟ್ ಹರಿಯೋದು ಅಂದ್ಕೊಂಡಿರೋರು ಇದನ್ನ ನೋಡ್ಬೇಕು. ಲೈಬ್ರರಿನೂ ಇದೆ, ಸಾರ್ವಜನಿಕರಿಗೆ ತೆರೆದಿರತ್ತೆ, ರೋಮಾ ಇತಿಹಾಸದ ಬಗ್ಗೆ ಓದೋರಿಗೆ, ರಿಸರ್ಚ್ ಮಾಡೋರಿಗೆ ಬೇರೆಲ್ಲೂ ಸಿಗದಷ್ಟು ಸಾಮಗ್ರಿ.

ಈಗ ಹೋಗೋರಿಗೆ ಉಪಯೋಗಕ್ಕೆ ಬರೋ ಮಾತು. ವಾರದ ಎಲ್ಲಾ ದಿನ ತೆರೆದಿರಲ್ಲ, ಹೊರಡೋ ಮುಂಚೆ ವೆಬ್‌ಸೈಟ್ ನೋಡ್ಕೊಳ್ಳಿ. ಓದೋದು ಜಾಸ್ತಿ ಇರತ್ತೆ, ಎರಡು ಗಂಟೆ ಆದ್ರೂ ಬೇಕು, ನನಗೆ ಅದಕ್ಕಿಂತ ಜಾಸ್ತಿ ಹಿಡೀತು. ಪುಟ್ಟ ಮಕ್ಕಳನ್ನ ಕರ್ಕೊಂಡು ಹೋಗೋರು ಯುದ್ಧದ ಭಾಗದಲ್ಲಿ ಜೊತೆಗಿರಿ, ಹೈಸ್ಕೂಲ್ ಮಕ್ಕಳಾದ್ರೆ ಖಂಡಿತ ತೋರಿಸಿ, ಆಮೇಲೆ ಅವರು ಕೇಳೋ ಪ್ರಶ್ನೆಗಳಿಗೆ ಉತ್ತರ ಹೇಳೋಕೆ ರೆಡಿ ಇರಿ. ಬಟ್ಟೆ, ಒಡವೆ, ಕಮ್ಮಾರರ ಸಲಕರಣೆ ಇವುಗಳನ್ನ ನಾನು ಬೇಗ ನೋಡಿ ಮುಗಿಸಿದೆ, ಕರಕುಶಲದಲ್ಲಿ ಆಸಕ್ತಿ ಇರೋರು ಅಲ್ಲೇ ಜಾಸ್ತಿ ನಿಲ್ತಾರೆ. ಹತ್ತಿರದಲ್ಲೇ ಬ್ರಾಟಿಸ್ಲಾವ್ಸ್ಕಾ ಬೀದಿಲೇ ಹಳೇ ಜೈಲಿನ ಕಟ್ಟಡ ಇದೆ, ಕಾಜ್ನಿತ್ಸೆ ಅಂತಾರೆ, ಹೊರಗಿಂದ ಆದ್ರೂ ನೋಡಿ.

ಸೇಫ್ಟಿ ಬಗ್ಗೆ ಕೇಳ್ತಾರೆ ಅಂತ ಗೊತ್ತು. ಬೀದಿ ಹಳೇದು, ಕೆಲವು ಮನೆಗಳ ಗಾರೆ ಉದುರಿದೆ, ಅಜ್ಜಿಯರು ಕಿಟಕಿ ಮೇಲೆ ದಿಂಬು ಇಟ್ಕೊಂಡು ಬೀದಿ ನೋಡ್ತಿರ್ತಾರೆ, ಮಕ್ಕಳು ಜೋರಾಗಿ ಕೂಗಾಡ್ತಾ ಆಡ್ತಿರ್ತಾರೆ, ಯಾವುದೋ ಕಿಟಕಿಯಿಂದ ಹಾಡು ಕೇಳತ್ತೆ. ಬೇರೆ ಯಾವುದೇ ಊರಿನ ಮಧ್ಯಭಾಗದಲ್ಲಿ ಇರೋ ಅಷ್ಟೇ ಎಚ್ಚರ ಸಾಕು. ದಯವಿಟ್ಟು ಅಲ್ಲಿನ ಜನರ ಮುಖಕ್ಕೆ ಕ್ಯಾಮೆರಾ ಹಿಡೀಬೇಡಿ, ಬಡತನದ ಫೋಟೋ ತೆಗೆದು ಸ್ಟೇಟಸ್ ಹಾಕ್ಬೇಡಿ, ಅದು ಅವರ ಮನೆ ಬಾಗಿಲು.

ಲೆಟಿಗೆ ಹೋಗೋರು ಬೇರೆ ದಿನ ಇಟ್ಕೊಳ್ಳಿ, ಅದು ದಕ್ಷಿಣ ಬೊಹೆಮಿಯಾದ ಪೀಸೆಕ್ ಹತ್ತಿರ, ಬರ್ನೋದಿಂದ ದೂರ, ಪ್ರಾಗ್‌ನಿಂದ ಹೋಗೋದು ಅನುಕೂಲ, ಕಾರಿದ್ರೆ ಒಳ್ಳೇದು. ದಿನ ಆರಿಸಿಕೊಳ್ಳೋ ಹಾಗಿದ್ರೆ ಮಾರ್ಚ್ 7ಕ್ಕೆ ಬರ್ನೋದಲ್ಲಿರಿ, ಟ್ರೈನ್ ಹೊರಟ ದಿನದ ಸ್ಮರಣೆಯನ್ನ ಮ್ಯೂಸಿಯಂನವರು ಮಾಡ್ತಾರೆ. ಏಪ್ರಿಲ್ 8 ಅಂತಾರಾಷ್ಟ್ರೀಯ ರೋಮಾ ದಿನ, 1971ರಲ್ಲಿ ಲಂಡನ್ ಹತ್ತಿರ ಮೊದಲ ವಿಶ್ವ ರೋಮಾ ಸಮ್ಮೇಳನ ಸೇರಿದ ದಿನ, ನೀಲಿ ಹಸಿರು ಬಟ್ಟೆ ಮೇಲೆ ಕೆಂಪು ಚಕ್ರದ ಬಾವುಟವನ್ನ ಒಪ್ಪಿಕೊಂಡಿದ್ದು ಆ ಸಮ್ಮೇಳನದಲ್ಲೇ, ಆ ದಿನ ಏರಿಯಾದಲ್ಲಿ ಸಂಭ್ರಮ ಇರತ್ತೆ. ಆಗಸ್ಟ್ 2 ಆಶ್ವಿಟ್ಜ್‌ನ ಆ ರಾತ್ರಿಯ ನೆನಪಿನ ದಿನ. ಬರ್ನೋ, ಪ್ರಾಗ್‌ನಲ್ಲಿರೋ ಕನ್ನಡದವರು ಯಾರಾದ್ರೂ ಗುಂಪಾಗಿ ಹೋಗೋದಿದ್ರೆ ಕೆಳಗೆ ಕಾಮೆಂಟ್ ಹಾಕಿ, ನಾನೂ ಬರ್ತೀನಿ, ಆ ಚೆಕ್ ಸಹೋದ್ಯೋಗಿನೂ ಬರ್ತೀನಿ ಅಂದಿದ್ದಾನೆ.